ಇಲಿಯಕ್ಕನ ಅದಲು ಬದಲು

ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ಡಾಕ್ಟರು ಹೊರಗೆ ಬರುತ್ತಾರೆ, ರೋಗಿ ಮಾತ್ರ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ. ರೋಗವನ್ನೆಲ್ಲ ನಾವು ನೆಲಮಾಳಿಗೆಯ ಇಲಿಗಳಿಗೆ ವಹಿಸಿಕೊಟ್ಟಿದ್ದೇವೆ. ಆ ಇಲಿಗಳನ್ನು ಇಪ್ಪತ್ತಾರು ವರ್ಷ ಸಾಕಿದವಳು ಇಲಿಯಕ್ಕ. ಸಂಸ್ಥೆಯ ಕಾಗದಗಳಲ್ಲಿ ಅವಳಿಗೆ ಬೇರೆ ಹೆಸರಿತ್ತು, ಅದನ್ನು ಬಳಸಿದವರನ್ನು ನಾನು ಕಾಣೆ. ನನಗಿಂತ ಏಳೆಂಟು ವರ್ಷ ದೊಡ್ಡವಳು, ‘ಅವರು’ ಎಂದೇ ಬರೆಯಬೇಕು. ಆದರೆ ಅಕ್ಕನಿಗೆ ಬಹುವಚನ ಹಚ್ಚಿದರೆ ಅವಳು ದೂರದವಳಾಗಿಬಿಡುತ್ತಾಳೆ, ಹಾಗಾಗಿ ಬಿಟ್ಟಿದ್ದೇನೆ.

ನಾನು ಮೇಲಿನ ಮಹಡಿಯ ಟೆಕ್ನಿಷಿಯನ್. ಮದ್ದು ತೂಗುವುದು, ಕದಡುವುದು, ಸಿರಿಂಜಿಗೆ ತುಂಬಿ ಕೆಳಗೆ ಕಳಿಸುವುದು ನನ್ನ ಕೆಲಸ. ಮುಂಗೋಪಿ ಎಂದು ಹೆಸರು ಪಡೆದಿದ್ದೇನೆ, ಅದರಲ್ಲಿ ಸುಳ್ಳೇನಿಲ್ಲ. ಈ ಕಥೆಯಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ಅವಳದನ್ನಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನನ್ನಿಂದಾಗದು.

ಪ್ರಾಣಿಮನೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುತ್ತದೆ. ನಡುವಿನ ಇಕ್ಕಟ್ಟಿನಲ್ಲಿ ನಿಂತು ಚಪ್ಪಲಿ ಬಿಟ್ಟು, ನೀಲಿ ಗೌನು ತೊಟ್ಟು, ತಲೆಗೂ ಬಾಯಿಗೂ ಕಟ್ಟಿಕೊಂಡು ಒಳಗೆ ಹೋಗಬೇಕು. ಒಳಗೆ ಕಿಟಕಿ ಅನ್ನುವುದೇ ಇಲ್ಲ. ಗಾಳಿ ಯಂತ್ರ ಒಂದೇ ಸಮ ಗುಂಯ್ಗುಡುತ್ತಿರುತ್ತದೆ. ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲು ಸಾಲು ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಂದೊಂದಕ್ಕೂ ತಂತಿ ಮುಚ್ಚಳ, ನೀರಿನ ಬಾಟಲಿ, ಅಡಿಯಲ್ಲಿ ಮರದ ಹೊಟ್ಟು, ಮುಂದುಗಡೆ ಆ ಪೆಟ್ಟಿಗೆಯ ಇಲಿಯ ಜಾತಕ ಬರೆದ ಒಂದು ಚೀಟಿ. ಹೊಸಬರು ಎರಡು ದಿನ ಮೂಗು ಮುಚ್ಚಿಕೊಳ್ಳುತ್ತಾರೆ, ಮೂರನೇ ದಿನ ಮೂಗೇ ಸೋತು ಸುಮ್ಮನಾಗುತ್ತದೆ. ಇಲಿಯಕ್ಕ ಆ ವಾಸನೆಯನ್ನು ಮನೆಗೂ ಹೊತ್ತುಕೊಂಡು ಹೋಗುತ್ತಿದ್ದಳು, ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ ಸಿಗುತ್ತದೆ ಎಂದು ನಗುತ್ತಿದ್ದಳು.

ಅವಳ ಕೈ ಅಂಥ ಕೈ. ಬಾಲದ ಬುಡ ಹಿಡಿದು ಒಂದು ಸಲ ಎತ್ತಿದಳೆಂದರೆ ಇದು ಬಸುರಿ, ಇದು ಅಲ್ಲ, ಇದು ಸುಮ್ಮನೆ ತಿಂದು ಕೊಬ್ಬಿದ್ದು ಎಂದು ಹೇಳಿಬಿಡುತ್ತಿದ್ದಳು. ತೂಕದ ಯಂತ್ರ ಅದನ್ನೇ ಮೂರು ದಿನ ಬಿಟ್ಟು ಹೇಳುತ್ತಿತ್ತು. ತಾಯಿ ಸತ್ತ ಮರಿಗಳನ್ನು ಬದುಕಿಸುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಬೇರೆ ತಾಯಿಯ ಹತ್ತಿರ ಹಾಗೇ ಬಿಟ್ಟರೆ ಅದು ಮೂಸಿ ನೋಡಿ ಪರರದ್ದೆಂದು ತಿಳಿದು ತಿಂದೇ ಹಾಕುತ್ತದೆ. ಇಲಿಯಕ್ಕ ಮೊದಲು ಆ ತಾಯಿಯನ್ನು ಪಕ್ಕಕ್ಕಿಟ್ಟು, ಅವಳ ಗೂಡಿನ ಒದ್ದೆ ಹೊಟ್ಟನ್ನು ಅಂಗೈಗೆ ಸುರಿದುಕೊಂಡು, ಹುರುಳಿಕಾಳಿನಂಥ ಕೆಂಪು ಮರಿಗಳನ್ನು ಅದರಲ್ಲಿ ಹೊರಳಿಸಿ, ಮೈಗೆಲ್ಲ ವಾಸನೆ ಹಿಡಿದ ಮೇಲೆ ಗೂಡಿಗೆ ಸೇರಿಸುತ್ತಿದ್ದಳು. ತಾಯಿ ಬಂದು ಮೂಸಿ ತನ್ನದೇ ಎಂದು ಮಗ್ಗುಲಾಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿನಗೆ ಹೆರದೆಯೂ ಮುದ್ದಲ್ಲಕ್ಕಾ ಎಂದು ನಾನು ಛೇಡಿಸುತ್ತಿದ್ದೆ.

ಆ ಮಾತು ಅವಳಿಗೆ ಎಲ್ಲಿ ಚುಚ್ಚುತ್ತಿತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಅವಳ ಮನೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವಳು ಮತ್ತು ಮಗ ಇಬ್ಬರೇ. ಮಗ ಚೂಟಿ ಹುಡುಗ, ವೈರಿಂಗ್ ಕೆಲಸ ಕಲಿಯುತ್ತಿದ್ದ. ಹತ್ತೊಂಬತ್ತು ತುಂಬಿದ ವರ್ಷ ಒಂದು ದಿನ ಮನೆಯ ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಸಾಲಾಗಿ ಜೋಡಿಸಿ ಕೂತಿದ್ದನಂತೆ. ಯಾಕೋ ಎಂದರೆ, ಇವುಗಳೊಳಗಿಂದ ಯಾರೋ ಮಾತಾಡುತ್ತಿದ್ದಾರೆ ಎಂದ. ಅಲ್ಲಿಂದ ಆಸ್ಪತ್ರೆ, ಮಾತ್ರೆ, ಮತ್ತೆ ಆಸ್ಪತ್ರೆ. ಎರಡನೇ ಸಲ ಸೇರಿಸಿದಾಗ ಗಂಡ ಎನ್ನಿಸಿಕೊಂಡವನು ಇದು ನಿನ್ನ ಕಡೆಯಿಂದ ಬಂದಿದ್ದು ಎಂದು ಹೇಳಿ ಬಟ್ಟೆಬರೆ ಕಟ್ಟಿಕೊಂಡು ತಂಗಿಯ ಮನೆ ಸೇರಿದ. ಮಗನಿಗೆ ಈಗ ಇಪ್ಪತ್ತೈದು. ಮಾತ್ರೆಯ ಬಲದಿಂದ ಸ್ನಾನ, ಊಟ, ನಿದ್ದೆ ಎಲ್ಲ ಸರಿಯಾಗಿದ್ದವು, ಆದರೆ ಧ್ವನಿಗಳು ಬಿಟ್ಟಿರಲಿಲ್ಲ. ಗೋಡೆಗೆ ಮುಖ ಮಾಡಿ ಅವುಗಳಿಗೆ ಕೂಗಿ ಕೂಗಿ ಉತ್ತರ ಕೊಡುತ್ತಿದ್ದ. ಇಷ್ಟನ್ನು ಅವಳು ಬಾಯಿಬಿಟ್ಟು ಹೇಳಿದ್ದು ಹದಿನೆಂಟು ವರ್ಷದ ಪರಿಚಯವಾದ ಮೇಲೆ.

ಆ ವರ್ಷ ನಮಗೆ ಬಂದ ಕೆಲಸ ಒಂದು ಬಿಳಿ ಪುಡಿಯದು. ಅದರ ಪೂರ್ತಿ ಹೆಸರನ್ನು ನಮ್ಮ ದೊಡ್ಡ ಡಾಕ್ಟರೇ ಎರಡು ಉಸಿರಿನಲ್ಲಿ ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ಮಾಡಿದ, ಎರಡು ಎಳೆ ಹೆಣೆದುಕೊಂಡ ಆರ್‌ಎನ್‌ಎ ಅದು. ನಮ್ಮ ಜೀವಕೋಶಗಳಲ್ಲಿ ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆಯಾಗಿರುತ್ತದೆ. ಉದ್ದನೆಯ ಜೋಡಿ ಎಳೆ ಕಣ್ಣಿಗೆ ಬಿತ್ತೆಂದರೆ ಮೈಯ ಕಾವಲುಪಡೆ ವೈರಸ್ ನುಗ್ಗಿತು ಎಂದೇ ತಿಳಿಯುತ್ತದೆ, ಯಾಕೆಂದರೆ ಎಷ್ಟೋ ವೈರಸ್‌ಗಳು ಒಳಗೆ ಹೆಚ್ಚುವಾಗ ಅಂಥದ್ದೇ ಎಳೆ ಬಿಡುತ್ತವೆ. ಪುಡಿಯಲ್ಲಿ ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಆದರೆ ನಮ್ಮ ಮೈ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು. ಕೇಳಿದ್ದೇ ತಡ ಜ್ವರ ಎಬ್ಬಿಸುತ್ತದೆ, ಹಸಿವು ಕಟ್ಟಿಸುತ್ತದೆ, ಇಲ್ಲದ ಶತ್ರುವಿನ ಮೇಲೆ ಯುದ್ಧಕ್ಕೆ ಹೊರಡುತ್ತದೆ. ಲಸಿಕೆಗೆ ಬಲ ತುಂಬಲು, ಗಡ್ಡೆಗಳ ಮೇಲೆ ಮೈಯನ್ನು ಎತ್ತಿಕಟ್ಟಲು ಇದನ್ನು ಪರೀಕ್ಷಿಸುವವರಿದ್ದಾರೆ. ನಮ್ಮಲ್ಲಿ ಮಾತ್ರ ಅದನ್ನು ಬಸುರಿ ಇಲಿಗಳಿಗೆ ಚುಚ್ಚಬೇಕಿತ್ತು.

ಆ ಕೆಲಸ ಒಬ್ಬ ಪಿಎಚ್‌ಡಿ ಹುಡುಗಿಯದು. ಹದಿನಾರು ಬಸುರಿ ಇಲಿ. ಎಂಟಕ್ಕೆ ನಾನು ಕದಡಿಕೊಟ್ಟ ಮದ್ದು, ಎಂಟಕ್ಕೆ ಬರೀ ಉಪ್ಪುನೀರು. ಮದ್ದು ಕದಡುವುದರಲ್ಲಿ ಒಂದು ಹದವಿದೆ. ಪುಡಿ ಕರಗಿಸಿ, ಬಿಸಿನೀರಿನ ತೊಟ್ಟಿಯಲ್ಲಿ ಕಾಯಿಸಿ, ಆಮೇಲೆ ಮೇಜಿನ ಮೇಲೆ ತಾನಾಗಿ ತಣಿಯಲು ಬಿಡಬೇಕು. ಬಿಸಿಗೆ ಸಡಿಲವಾದ ಎಳೆಗಳು ನಿಧಾನವಾಗಿ ತಣಿಯುವಾಗ ಒಂದನ್ನೊಂದು ಹುಡುಕಿಕೊಂಡು ಹೆಣೆದುಕೊಳ್ಳುತ್ತವೆ. ಆತುರಪಟ್ಟು ಐಸಿನಲ್ಲಿಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಾನು ಕೋಪಿಷ್ಠನೇ ಹೊರತು ಆತುರಗಾರನಲ್ಲ, ಒಂದು ಗಂಟೆ ಕಾದು ಕೂತಿದ್ದೆ.

ಮದ್ದು ಬಿದ್ದ ಎಂಟು ತಾಯಂದಿರು ಅವತ್ತು ಸಂಜೆಗೆ ಮೂಲೆ ಹಿಡಿದವು. ಕೂದಲು ನಿಮಿರಿ, ಬೆನ್ನು ಗೂನಾಗಿ, ಕಣ್ಣು ಅರೆಮುಚ್ಚಿ ಕೂತವು. ಕಾಳು ಮುಟ್ಟಲಿಲ್ಲ. ಎರಡು ದಿನದಲ್ಲಿ ಎದ್ದು ಓಡಾಡಿದವು, ಏನೂ ಆಗಿಲ್ಲವೆಂಬಂತೆ ತಿಂದವು.

ಮೂರನೇ ದಿನ ಮಧ್ಯಾಹ್ನ ಪೆಟ್ಟಿಗೆ ತೊಳೆಯುವ ಕಟ್ಟೆಯ ಮೇಲೆ ನಾವಿಬ್ಬರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಇವುಗಳಿಗೆ ಯಾಕೆ ಹೀಗೆ ಜ್ವರ ಬರಿಸುತ್ತೀರಿ ಎಂದು ಅವಳು ಕೇಳಿದಳು. ನನ್ನ ಗ್ರಹಚಾರ, ತಿಳಿದವನಂತೆ ಹೇಳಲು ಒಂದು ಅವಕಾಶ ಸಿಕ್ಕಿತು. ತಾಯಿಗೇನೂ ಆಗುವುದಿಲ್ಲ, ನೋಡಬೇಕಾದ್ದು ಮರಿಗಳನ್ನು ಎಂದೆ. ಬಸುರಿನಲ್ಲಿ ತಾಯಿಗೆ ಜೋರು ಜ್ವರ ಬಂದರೆ ಹೊಟ್ಟೆಯೊಳಗಿನ ಮಿದುಳಿನ ಹೆಣಿಗೆ ತಪ್ಪುತ್ತದಂತೆ. ಹುಟ್ಟಿದಾಗ ಚೆನ್ನಾಗೇ ಇರುತ್ತವೆ, ಪ್ರಾಯಕ್ಕೆ ಬಂದ ಮೇಲೆ ಹೊರಗೆ ಬೀಳುತ್ತದೆ. ಬೆಚ್ಚುತ್ತವೆ, ಜೊತೆಯವುಗಳನ್ನು ಸೇರುವುದಿಲ್ಲ, ಯಾವ ಸದ್ದು ಮುಖ್ಯ ಯಾವುದು ಅಲ್ಲ ಎಂದು ತಿಳಿಯುವುದಿಲ್ಲ. ಮನುಷ್ಯರಲ್ಲಿ ಹುಡುಗರಿಗೆ ಹದಿನೆಂಟು ಇಪ್ಪತ್ತರಲ್ಲಿ ಧ್ವನಿ ಕೇಳಿಸುವ ಕಾಯಿಲೆ ಬರುತ್ತದಲ್ಲ, ಅದರ ಬೇರು ಇಲ್ಲೂ ಇರಬಹುದೇ ಎಂದು ನೋಡುತ್ತಾರೆ.

ಹೇಳಿ ಮುಗಿಸಿದ ಮೇಲೆ ಯಾರ ಮುಂದೆ ಹೇಳುತ್ತಿದ್ದೇನೆಂದು ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲಿಯಕ್ಕ ಡಬ್ಬಿ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

“ನಂಗೆ ಐದನೇ ತಿಂಗಳಲ್ಲಿ ಬಂದಿತ್ತು ತಮ್ಮಾ,” ಎಂದಳು. “ನಾಲ್ಕು ದಿನ. ಮೈ ಕೆಂಡ ಆಗಿತ್ತು.”

ಇಲಿಯೇ ಬೇರೆ ಮನುಷ್ಯರೇ ಬೇರೆ, ಜ್ವರ ಬಂದ ನೂರು ತಾಯಂದಿರಲ್ಲಿ ಒಬ್ಬಿಬ್ಬರಿಗೆ ಹೀಗಾದರೆ ಹೆಚ್ಚು, ಆ ಕಾಯಿಲೆಗೆ ನೂರೆಂಟು ಕಾರಣ ಎಂದು ನಾನು ಬಡಬಡಿಸಿದೆ. ಎಲ್ಲ ನಿಜವೇ. ಆದರೆ ಅವಳು ಕೇಳಿಸಿಕೊಂಡಿದ್ದು ಮೊದಲು ಹೇಳಿದ್ದನ್ನು. ಯಾರಿಗೂ ಹೇಳದ ಇನ್ನೊಂದು ಮಾತು ಹೇಳಿದಳು. ಮಗ ಹುಟ್ಟಿದ ಮೇಲೆ ಎಂಟು ತಿಂಗಳು ಅವಳು ಅವನನ್ನು ಎತ್ತಿಕೊಂಡಿರಲಿಲ್ಲ. ಯಾಕೆಂದು ಅವಳಿಗೂ ಗೊತ್ತಿಲ್ಲ. ಮಗು ಅತ್ತರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳಂತೆ. ಹಾಲೂ ಬರಲಿಲ್ಲ. ಅತ್ತೆ ಬಾಟಲಿ ಹಾಲು ಕುಡಿಸಿ, ಇವಳೂ ಒಬ್ಬ ತಾಯಿಯೇ ಎಂದು ಬಂದವರ ಮುಂದೆಲ್ಲ ಆಡಿಕೊಂಡಳು. ಒಂಬತ್ತನೇ ತಿಂಗಳು ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದಂತೆ ಎಲ್ಲ ಸರಿಯಾಯಿತು. ಅವತ್ತಿನಿಂದ ಮಗನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

“ಹೊಟ್ಟೆಯಲ್ಲೇ ಆಗಿದ್ರೆ ಅದು ಜ್ವರದ ತಪ್ಪು,” ಎಂದಳು. “ಆಮೇಲೆ ಆಗಿದ್ರೆ ನಂದು. ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ?”

ಆಗ ನಾನು ನಾಲಗೆ ಕಚ್ಚಿಕೊಳ್ಳಬೇಕಿತ್ತು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನಿರುವ ಸಂಯಮ ನನಗಿಲ್ಲ. ಅದನ್ನು ಇಲ್ಲಿ ಯಾರೂ ನೋಡುತ್ತಿಲ್ಲ ಎಂದೆ. ನೋಡಬೇಕೆಂದರೆ ಹುಟ್ಟಿದ ಕೂಡಲೇ ಮರಿಗಳನ್ನು ಅದಲು ಬದಲು ಮಾಡಬೇಕು. ಮದ್ದಿನ ತಾಯಿಯ ಮರಿಗಳನ್ನು ಉಪ್ಪುನೀರಿನ ತಾಯಿ ಸಾಕಬೇಕು, ಅವಳವನ್ನು ಇವಳು ಸಾಕಬೇಕು. ಆಗ ಹೊಟ್ಟೆಯದ್ದೆಷ್ಟು, ಮಡಿಲಿನದ್ದೆಷ್ಟು ಎಂದು ಗೊತ್ತಾಗುತ್ತದೆ. ಇಲಿಯಕ್ಕ ಹೂಂ ಎಂದಳು. ಎದ್ದು ಹೋಗಿ ಪೆಟ್ಟಿಗೆ ತೊಳೆಯತೊಡಗಿದಳು.

ಮುಂದಿನದು ನನಗೆ ಗೊತ್ತಾದದ್ದು ತಿಂಗಳುಗಳ ಮೇಲೆ, ಆದರೂ ನಡೆದ ಜಾಗದಲ್ಲೇ ಹೇಳಿಬಿಡುತ್ತೇನೆ.

ಮರಿಗಳು ಹುಟ್ಟಿದ್ದು ವಾರದ ಕೊನೆಯ ಎರಡು ದಿನ. ಆ ದಿನಗಳಲ್ಲಿ ಪ್ರಾಣಿಮನೆಯಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ಒಂದೇ ಬೆಳಿಗ್ಗೆ ಹೆತ್ತ ತಾಯಂದಿರನ್ನು ಜೋಡಿ ನೋಡಿದಳು, ಒಂದು ಮದ್ದಿನದು, ಒಂದು ಉಪ್ಪುನೀರಿನದು. ಅಂಥ ನಾಲ್ಕು ಜೋಡಿ ಸಿಕ್ಕವು. ಆ ಎಂಟು ತಾಯಂದಿರ ಮರಿಗಳನ್ನು ಅತ್ತಿತ್ತ ಮಾಡಿದಳು. ಒಂದೊಂದು ಮರಿಯನ್ನೂ ಸಾಕುತಾಯಿಯ ಹೊಟ್ಟಿನಲ್ಲಿ ಹೊರಳಿಸಿದಳು. ಆ ವಯಸ್ಸಿನಲ್ಲಿ ಮರಿಗಳಿಗೆ ಕೂದಲಿಲ್ಲ, ಗುರುತಿಲ್ಲ, ಕಿವಿಗೆ ನಂಬರು ಹೊಡೆಯುವುದು ಮೂರು ವಾರದ ಮೇಲೆ. ಹಾಗಾಗಿ ಯಾರಿಗೂ ಸುಳಿವು ಸಿಗಲಿಲ್ಲ. ಒಂದು ಮರಿಯೂ ಸಾಯಲಿಲ್ಲ. ಉಳಿದ ಎಂಟು ತಾಯಂದಿರು ಬೇರೆ ಬೇರೆ ಹೊತ್ತಿಗೆ ಹೆತ್ತಿದ್ದರಿಂದ ಅವುಗಳ ತಂಟೆಗೆ ಹೋಗಲಿಲ್ಲ.

ಇದು ಹುಡುಗಿಯ ಎರಡು ವರ್ಷದ ಓದಿಗೆ ಕೊಡಲಿ ಪೆಟ್ಟು ಎಂದು ಇಲಿಯಕ್ಕನಿಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಅವಳನ್ನು ಒಳ್ಳೆಯವಳು ಮಾಡಲು ನಾನು ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೂ ಮಾಡಿದಳು.

ಮರಿಗಳು ಬೆಳೆದವು. ಇಲಿಯಕ್ಕ ದಿನಾ ಹೆಚ್ಚು ಹೊತ್ತು ಆ ಪೆಟ್ಟಿಗೆಗಳ ಮುಂದೆ ಕಳೆಯುವುದನ್ನು ಕಂಡು ನನಗೆ ಕನಿಕರವೇ ಆಯಿತು. ಯಾವುದು ಕಾಗದ ಹರಿದು ಗೂಡು ಕಟ್ಟುತ್ತದೆ, ಯಾವುದು ಒಂಟಿಯಾಗಿ ಮೂಲೆಯಲ್ಲಿ ಕೂರುತ್ತದೆ ಎಂದು ನೋಡುತ್ತಿದ್ದಳಂತೆ. ಇಪ್ಪತ್ತಾರು ವರ್ಷದ ಕಣ್ಣಿಗೂ ಅದು ಹಿಡಿತಕ್ಕೆ ಸಿಗಲಿಲ್ಲ. ಒಂದು ದಿನ ಹೀಗೆ ಕಾಣುತ್ತಿತ್ತು, ಮರುದಿನ ಹಾಗೆ. ಉತ್ತರ ಇದ್ದದ್ದು ಮೇಲಿನ ಮಹಡಿಯ ಯಂತ್ರದಲ್ಲಿ.

ಆ ಯಂತ್ರ ಒಂದು ಸದ್ದಿನ ಪೆಟ್ಟಿಗೆ. ಇಲಿಯನ್ನು ಒಳಗೆ ಬಿಟ್ಟು ದೊಡ್ಡ ಸದ್ದು ಮಾಡಿದರೆ ಅದು ಬೆಚ್ಚಿ ಹಾರುತ್ತದೆ, ಎಷ್ಟು ಹಾರಿತೆಂದು ಅಡಿಯ ಹಲಗೆ ಅಳೆಯುತ್ತದೆ. ದೊಡ್ಡ ಸದ್ದಿಗೆ ಕಣ್ಣು ಮಿಟುಕಿಸುವಷ್ಟು ಮುಂಚೆ ಒಂದು ಸಣ್ಣ ಸದ್ದು ಮಾಡಿದರೆ ಆರೋಗ್ಯದ ಇಲಿ ಸಿದ್ಧವಾಗಿಬಿಡುತ್ತದೆ, ಅಷ್ಟು ಬೆಚ್ಚುವುದಿಲ್ಲ. ಮಿದುಳು ಕೆಟ್ಟದ್ದಕ್ಕೆ ಆ ಎಚ್ಚರಿಕೆ ಉಪಯೋಗಕ್ಕೆ ಬರುವುದಿಲ್ಲ, ಅದು ಪ್ರತಿ ಸಲವೂ ಮೊದಲ ಸಲದಂತೆ ಬೆಚ್ಚುತ್ತದೆ. ಮರಿಗಳಿಗೆ ಹನ್ನೆರಡು ವಾರವಾದಾಗ ಹುಡುಗಿ ಒಂದೊಂದನ್ನೇ ಪರೀಕ್ಷೆ ಮಾಡಿದಳು. ಹದಿನೈದು ದಿನ ಹಿಡಿಯಿತು. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ನೋಡಿದರೆ ಮದ್ದಿನ ಗುಂಪಿಗೂ ಉಪ್ಪುನೀರಿನ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮದ್ದಿನ ಕಡೆ ಬೆಚ್ಚುವವು ತುಸು ಹೆಚ್ಚು, ಆದರೆ ಉಪ್ಪುನೀರಿನ ಕಡೆಯೂ ಬೇಕಾದಷ್ಟಿವೆ. ಎಲ್ಲ ಕಲಸುಮೇಲೋಗರ.

ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ದೊಡ್ಡ ಡಾಕ್ಟರು ಕರೆಸಿದ್ದು ನನ್ನನ್ನು. ಅವರು ಬೈಯುವವರಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮದ್ದನ್ನು ಸರಿಯಾಗಿ ತಣಿಯಲು ಬಿಟ್ಟಿದ್ದಿರಾ, ಆತುರವೇನಾದರೂ ಇತ್ತಾ ಎಂದು ಮೆತ್ತಗೆ ಕೇಳಿದರು. ತಾಯಂದಿರು ಎರಡು ದಿನ ಮುದುಡಿ ಕೂತಿದ್ದನ್ನು ಎಲ್ಲರೂ ನೋಡಿದ್ದಾರಲ್ಲ ಸ್ವಾಮಿ ಎಂದೆ. ಅರ್ಧಂಬರ್ಧ ಹೆಣೆದ ಮದ್ದಿಗೂ ಮುದುಡಬಹುದು ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈಯನ್ನು ಯಾರೋ ಅನುಮಾನಿಸಿದ್ದು. ಕೆಳಗಿಳಿದು ಹೋಗಿ ಇಲಿಯಕ್ಕನ ಮುಂದೆ ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ಕಾರಿದೆ. ಫಲಿತಾಂಶ ಏನು ಬಂತು ಎಂದು ಮಾತ್ರ ಅವಳು ಎರಡು ಸಲ ಕೇಳಿದಳು.

ಮರುದಿನ ಬೆಳಿಗ್ಗೆ ಗೌನು ಬಿಚ್ಚಿ, ಕೈಕಾಲು ತೊಳೆದು, ಅವಳು ಮೇಲಿನ ಮಹಡಿಗೆ ಬಂದಳು. ಹುಡುಗಿ ಮತ್ತು ನಾನು ಇಬ್ಬರೇ ಇದ್ದೆವು. ನಿಂತುಕೊಂಡೇ ಹೇಳಿದಳು, ನಾಲ್ಕು ಜೋಡಿ ತಾಯಂದಿರ ಮರಿಗಳನ್ನು ನಾನು ಅದಲು ಬದಲು ಮಾಡಿದ್ದೇನೆ ಎಂದು. ನನ್ನ ತಲೆಯ ಮೇಲಿನ ಆಪಾದನೆ ಇಳಿಸಲು ಬಂದಳು ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಅದಕ್ಕಲ್ಲ. ಅವಳು ಹೇಳದಿದ್ದರೆ ಆ ಯಂತ್ರ ಅವಳಿಗೆ ಉತ್ತರ ಕೊಡುವಂತಿರಲಿಲ್ಲ.

ಹುಡುಗಿಯ ಮುಖ ಬಿಳಿಚಿಕೊಂಡಿತು. ಯಾಕೆ ಎಂದು ಕೇಳಿದಳು, ಇವಳು ಹೇಳಲಿಲ್ಲ. ಕೂಗಾಡುತ್ತಾಳೆ, ದೊಡ್ಡ ಡಾಕ್ಟರನ್ನು ಕರೆಯುತ್ತಾಳೆ ಎಂದುಕೊಂಡೆ. ಆದರೆ ಓದಿದ ತಲೆ ನೋಡಿ, ಸಿಟ್ಟಿಗಿಂತ ಮುಂಚೆ ಕುತೂಹಲ ಹುಟ್ಟಿತು. ಯಾವ ಯಾವ ಪೆಟ್ಟಿಗೆ ನೆನಪಿದೆಯಾ ಅಕ್ಕಾ ಎಂದಳು. ಇಲಿಯಕ್ಕ ಕಣ್ಣು ಮುಚ್ಚಿಕೊಂಡು ನಂಬರುಗಳನ್ನು ಒಂದೊಂದಾಗಿ ಹೇಳಿದಳು. ಯಾವ ಗೂಡಿನಿಂದ ಯಾವ ಗೂಡಿಗೆ, ಎಷ್ಟು ಮರಿ, ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು. ಒಂದು ಕಡೆಯೂ ತಡವರಿಸಲಿಲ್ಲ. ಹುಡುಗಿ ಬರೆದುಕೊಂಡು, ಕಂಪ್ಯೂಟರಿನಲ್ಲಿ ಎರಡು ಗುಂಪನ್ನು ಒಡೆದು ನಾಲ್ಕು ಮಾಡಿದಳು. ಒಳ್ಳೆಯ ಹೊಟ್ಟೆ ಒಳ್ಳೆಯ ಮಡಿಲು. ಜ್ವರದ ಹೊಟ್ಟೆ ಒಳ್ಳೆಯ ಮಡಿಲು. ಒಳ್ಳೆಯ ಹೊಟ್ಟೆ ಜ್ವರದವಳ ಮಡಿಲು. ಎರಡೂ ಜ್ವರದ್ದು.

ಇಲಿಯಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಹುಡುಗಿಗೆ ಇವಳ ಮಗನ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಎದ್ದು ಆ ಕಂಪ್ಯೂಟರಿನ ತಂತಿ ಕೀಳಬೇಕಿತ್ತು, ಏನಾದರೂ ನೆಪ ಹೇಳಿ ಇವಳನ್ನು ಹೊರಗೆ ಕಳಿಸಬೇಕಿತ್ತು. ಮಾಡಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಮದ್ದು ಕೆಟ್ಟಿರಲಿಲ್ಲ ಎಂದು ತಿಳಿಯುವ ಆತುರ ನನಗಿತ್ತು.

ಸಣ್ಣ ಸದ್ದಿನ ಎಚ್ಚರಿಕೆ ಯಾವ ಗುಂಪಿಗೆ ಎಷ್ಟು ಉಪಯೋಗಕ್ಕೆ ಬಂತೆಂದು ತೋರಿಸುವ ನಾಲ್ಕು ಕಂಬ ಪರದೆಯ ಮೇಲೆ ಎದ್ದವು. ಮೊದಲನೆಯದು ಎತ್ತರ, ಉಳಿದ ಮೂರೂ ಗಿಡ್ಡ. ಹುಡುಗಿ ಕುರ್ಚಿಯಲ್ಲೇ ತಿರುಗಿದಳು. ಹಿಂದಿನ ದಿನವೆಲ್ಲ ಅತ್ತು ಊದಿದ್ದ ಮುಖದಲ್ಲಿ ಬೆಳಕು.

“ನೋಡಿ ಅಕ್ಕಾ, ಎರಡೂ. ಹೊಟ್ಟೆಯಲ್ಲಿ ಆಗಿದ್ದೂ ಇದೆ, ಸಾಕಿದ್ದರಿಂದ ಆಗಿದ್ದೂ ಇದೆ.”

“ಚೆನ್ನಾಗಿ ಹುಟ್ಟಿದ್ವಲ್ಲ,” ಎಂದಳು ಇಲಿಯಕ್ಕ, “ಅವೂ ಕೆಟ್ವಾ?”

“ಹೌದು, ಅದೇ ವಿಶೇಷ. ಆ ತಾಯಿ ಹತ್ರ ಬೆಳೆದಿದ್ದಕ್ಕೆ ಅವೂ ಕೆಟ್ವು.”

ಹುಡುಗಿಯನ್ನು ನಾನು ದೂರುವುದಿಲ್ಲ. ಕೈ ಬಿಟ್ಟುಹೋದ ಕೆಲಸ ತಿರುಗಿ ಬಂದ ಸಂತೋಷ ಅವಳದು. ಇಲಿಯಕ್ಕ ತಲೆಯಾಡಿಸಿ, ಒಳ್ಳೇದಾಯ್ತಮ್ಮಾ ಎಂದು ಹೇಳಿ ಕೆಳಗಿಳಿದಳು. ನಾನು ಹಿಂದೆಯೇ ಓಡಿದೆ. ಎರಡು ಬಾಗಿಲುಗಳ ನಡುವಿನ ಆ ಇಕ್ಕಟ್ಟಿನಲ್ಲಿ ಅವಳು ಗೌನು ತೊಡಲು ಹೋಗಿ ತೋಳು ಸಿಗದೆ ಒದ್ದಾಡುತ್ತಿದ್ದಳು. ಅದು ಇಲಿ ಅಕ್ಕಾ, ಎರಡು ಬೆರಳಷ್ಟು ಮಿದುಳೂ ಇಲ್ಲದ ಪ್ರಾಣಿ, ಅದಕ್ಕಾಗಿದ್ದು ಮನುಷ್ಯರಿಗೆ ಆಗಬೇಕೆಂದಿಲ್ಲ ಎಂದೆ. ನಾಲ್ಕು ಜೋಡಿಯಲ್ಲಿ ಏನು ತಾನೇ ಗೊತ್ತಾಗುತ್ತದೆ, ಇನ್ನೊಮ್ಮೆ ಮಾಡಿದರೆ ಬೇರೆಯೇ ಬರಬಹುದು ಎಂದೆ. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

“ಇಲಿಗೆ ಆಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಹೇಳ್ಕೊಂಡೇ ಅಲ್ವಾ ಈ ಕಟ್ಟಡ ನಿಂತಿರೋದು? ನಂಗೊಬ್ಬಳಿಗೆ ಮಾತ್ರ ಯಾಕೆ ಆಗಲ್ಲ?”

ನಾನು ತೋಳು ಹುಡುಕಿಕೊಟ್ಟೆ. ಅವಳು ಗೌನಿನ ದಾರ ಕಟ್ಟಿಕೊಳ್ಳುತ್ತಾ, ಹೊಟ್ಟೆಯಲ್ಲಿದ್ದಾಗಲೂ ನಾನೇ, ಹೊರಗೆ ಬಂದ ಮೇಲೂ ನಾನೇ ಎಂದು ತನಗೇ ಹೇಳಿಕೊಂಡಳು. ಒಳಗೆ ಹೋಗಿ ಅವತ್ತಿನ ನೀರಿನ ಬಾಟಲಿಗಳನ್ನೆಲ್ಲ ಬದಲಾಯಿಸಿದಳು.

ದೊಡ್ಡ ಡಾಕ್ಟರು ವಿಚಾರಣೆ ನಡೆಸಲೇಬೇಕಿತ್ತು. ಅನುಮತಿಯಿಲ್ಲದ ಪ್ರಯೋಗ ಎಂಬ ಆಪಾದನೆ ಬಂತು. ಗೂಡು ತೊಳೆಯುವ ಹೆಂಗಸು ಪ್ರಯೋಗ ಮಾಡಿದ್ದಾಳೆಂದು ಕಾಗದದ ಮೇಲೆ ಒಪ್ಪಿಕೊಂಡದ್ದು ನಮ್ಮ ಸಂಸ್ಥೆಯ ಚರಿತ್ರೆಯಲ್ಲಿ ಅದೇ ಮೊದಲು. ಯಾಕೆ ಮಾಡಿದಿರಿ ಎಂಬುದಕ್ಕೆ ಅವಳು ಬರೆಸಿದ್ದು ಒಂದೇ ಸಾಲು, ತಿಳಿಯಬೇಕಿತ್ತು ಎಂದು. ಉಳಿದಿದ್ದ ಒಂದೂವರೆ ವರ್ಷದ ಸೇವೆ ಬಿಟ್ಟು ಮನೆಗೆ ಹೋಗಲು ಹೇಳಿದರು. ನಾನೇ ಅದಲು ಬದಲಿನ ದಾರಿ ತೋರಿಸಿದ್ದು ಎಂದು ವಿಚಾರಣೆಯಲ್ಲಿ ಹೇಳಲು ಹೋದೆ. ಇವರಿಗೇನೂ ಗೊತ್ತಿಲ್ಲ ಸಾರ್, ಮುಂಗೋಪಿ, ಏನೋ ಒಂದು ಅಂತಾರೆ ಎಂದು ಅವಳೇ ನನ್ನ ಬಾಯಿ ಮುಚ್ಚಿಸಿದಳು. ನಾನೂ ಮುಚ್ಚಿಕೊಂಡೆ. ಹುಡುಗಿ ಹೊಸದಾಗಿ ಹದಿನಾರು ಇಲಿ ತರಿಸಿದಳು.

ಒಂದು ತಿಂಗಳು ನಾನು ಇಲಿಯಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಮುಖ ತೋರಿಸಲು ಧೈರ್ಯವಿರಲಿಲ್ಲ. ಒಂದು ರಜೆಯ ದಿನ ಬೆಳಿಗ್ಗೆ ಹೋದೆ. ಸೈಕಲ್ ಅಂಗಡಿಯವನು ಮೇಲಿನ ಮನೆಗಾ ಎಂದು ಕೇಳಿ, ಆ ಹುಡುಗ ಈಗ ಎಷ್ಟೋ ವಾಸಿ, ಕೂಗಾಟ ಪೂರ್ತಿ ನಿಂತಿದೆ, ಬೀದಿಗೇ ನೆಮ್ಮದಿ ಎಂದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮೆಟ್ಟಿಲು ಹತ್ತುವಾಗ ಮಾತ್ರೆ ಬದಲಿಸಿರಬೇಕು, ಅವಳು ಮನೆಯಲ್ಲಿ ಇರುವುದರಿಂದಲೂ ಗುಣವಾಗಿರಬೇಕು ಎಂದೆಲ್ಲ ಲೆಕ್ಕ ಹಾಕಿದೆ.

ಇಲಿಯಕ್ಕ ಬಾಗಿಲು ತೆಗೆದಳು. ಇಳಿದುಹೋಗಿದ್ದಳು, ಮೈಯಲ್ಲಿ ಆ ವಾಸನೆ ಇರಲಿಲ್ಲ. ಒಳಕೋಣೆಯಲ್ಲಿ ಮಗ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದ. ಕ್ಷೌರ ಮಾಡಿಸಿಕೊಂಡಿದ್ದ, ಶುಭ್ರ ಅಂಗಿ ತೊಟ್ಟಿದ್ದ. ಚೆನ್ನಾಗಿದ್ದಾನಲ್ಲ ಎಂದೆ. ಅವಳು ನನಗೆ ಚಹಾ ಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು. ಅವನ ಹತ್ತಿರ ಮುಚ್ಚಿಟ್ಟು ಬದುಕಲಾರದೆ ಒಂದು ದಿನ ಎಲ್ಲ ಹೇಳಿಬಿಟ್ಟೆ ಎಂದಳು. ಜ್ವರ, ಎಂಟು ತಿಂಗಳು ಎತ್ತಿಕೊಳ್ಳದೇ ಇದ್ದದ್ದು, ಇಲಿಗಳದ್ದು, ಎಲ್ಲ. ನಿನ್ನ ಹೀಗೆ ಮಾಡಿದ್ದು ನಾನೇ ಕಣಪ್ಪಾ, ನನ್ನ ಕ್ಷಮಿಸು ಎಂದು ಅವನ ಕೈ ಹಿಡಿದುಕೊಂಡು ಅತ್ತಳಂತೆ. ಅವನು ಧ್ವನಿಗಳಿರುವ ಗೋಡೆಯ ಕಡೆ ಕೈ ತೋರಿಸಿದನಂತೆ.

“‘ಅವು ದಿನಾ ಇದನ್ನೇ ಹೇಳ್ತಿದ್ವು, ನಿಮ್ಮಮ್ಮನೇ ನಿನ್ನ ಹಾಳು ಮಾಡಿದ್ದು ಅಂತ’ ಅಂದ ತಮ್ಮಾ. ‘ಸುಳ್ಳು, ನಮ್ಮಮ್ಮ ಅಂಥೋಳಲ್ಲ ಅಂತ ನಾನು ಆರು ವರ್ಷ ಅವುಗಳ ಹತ್ರ ಜಗಳ ಆಡಿದೆ’ ಅಂದ.”

ಒಳಕೋಣೆಯಿಂದ ಒಂದು ಸದ್ದೂ ಇರಲಿಲ್ಲ.

“ಈಗ ಜಗಳ ಆಡಲ್ಲ,” ಎಂದಳು. “ಅವು ಹೇಳಿದ್ದನ್ನೆಲ್ಲ ಸುಮ್ನೆ ಕೇಳ್ಕೊಂಡು ಕೂತಿರ್ತಾನೆ.”